ಪೇಟ ಸುತ್ತಿದ ಬೈರನ್: ಯಾವುದು ಮೂಲ, ಯಾವುದು ನಕಲು?

ಪ್ರಶ್ನೆ: ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಇಂಗ್ಲಿಷ್ ಕವಿಗಳ ಭಾವಚಿತ್ರಗಳಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದೇವೆ. ಲಾರ್ಡ್ ಬೈರನ್‌ನದೆಂದು ನಾನು ಆರಿಸಿಕೊಂಡದ್ದು ತಲೆಗೆ ಬಣ್ಣದ ಪೇಟ, ಮೈಮೇಲೆ ಜರಿಯ ಕೆಂಪು ಮಖಮಲ್ಲು, ತೆಳುವಾದ ಮೀಸೆ ಇರುವ ಪ್ರಸಿದ್ಧ ತೈಲಚಿತ್ರ. 'ಮೂಲಚಿತ್ರ: ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ, ಲಂಡನ್' ಎಂದು ಅಡಿಬರಹ ಬರೆಸಿದೆ. ಸಹೋದ್ಯೋಗಿಯೊಬ್ಬರು ಅದನ್ನು ನೋಡಿ, ಲಂಡನ್ನಿನದು ನಕಲು, ಮೂಲ ಇರುವುದು ಅಥೆನ್ಸಿನಲ್ಲಿ ಎಂದರು. ವಿದ್ಯಾರ್ಥಿಗಳ ಪ್ರಶ್ನೆಗಳೇ ಬೇರೆ: ಇಂಗ್ಲೆಂಡಿನ ಕವಿ ಪೇಟ ಸುತ್ತಿದ್ದೇಕೆ, ಮತಾಂತರವಾಗಿದ್ದನೇ, ನಿಜಕ್ಕೂ ಹೀಗೆಯೇ ಕಾಣುತ್ತಿದ್ದನೇ? ದಯವಿಟ್ಟು ತಿಳಿಸಿ. ಅಡಿಬರಹ ಏನೆಂದು ತಿದ್ದಲಿ?

ಉತ್ತರ: ನಿಮ್ಮ ಸಹೋದ್ಯೋಗಿ ಹೇಳಿದ್ದು ಸರಿ. ಆದರೆ 'ನಕಲು' ಎನ್ನುವಾಗ ಅವರ ದನಿಯಲ್ಲಿ ತಾತ್ಸಾರವಿದ್ದರೆ ಅದಕ್ಕೆ ಆಧಾರವಿಲ್ಲ. ಎರಡನ್ನೂ ಬರೆದವನು ಒಬ್ಬನೇ, ಥಾಮಸ್ ಫಿಲಿಪ್ಸ್. ಬೈರನ್ ಅವನ ಮುಂದೆ ಕುಳಿತದ್ದು 1813ರಲ್ಲಿ. ಆಗ ಮೂಡಿದ ಚಿತ್ರ ಈಗ ಬ್ರಿಟಿಷ್ ಸರ್ಕಾರದ ಕಲಾಸಂಗ್ರಹಕ್ಕೆ ಸೇರಿದೆ. ಅದನ್ನು ಇಟ್ಟಿರುವುದು ಅಥೆನ್ಸಿನಲ್ಲಿರುವ ಬ್ರಿಟಿಷ್ ರಾಯಭಾರಿಯ ನಿವಾಸದಲ್ಲಿ, ಅಂದರೆ ಒಂದು ಕಾಲಕ್ಕೆ ಗ್ರೀಸಿನ ಪ್ರಧಾನಿ ವೆನಿಜೆಲೋಸ್ ವಾಸವಿದ್ದ ಮನೆಯಲ್ಲಿ. ಲಂಡನ್ನಿನ ಚಿತ್ರವನ್ನು ಫಿಲಿಪ್ಸ್ ಸುಮಾರು 1835ರಲ್ಲಿ ತನ್ನದೇ ಹಳೆಯ ಚಿತ್ರವನ್ನು ಆಧರಿಸಿ ಬರೆದ. ಬೈರನ್ ತೀರಿಕೊಂಡು ಅಷ್ಟು ಹೊತ್ತಿಗೆ ಹನ್ನೊಂದು ವರ್ಷವಾಗಿತ್ತು. ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ ಅದನ್ನು ಕೊಂಡದ್ದು 1862ರಲ್ಲಿ, ಆ ಸಂಸ್ಥೆ ಹುಟ್ಟಿ ಇನ್ನೂ ಆರು ವರ್ಷವಾಗಿದ್ದಾಗ.

ಕ್ಯಾಮೆರಾ ಇಲ್ಲದ ಕಾಲದಲ್ಲಿ ಭಾವಚಿತ್ರಕಾರನ ಕಸುಬಿನಲ್ಲಿ ಇದು ದಿನನಿತ್ಯದ ಕೆಲಸವಾಗಿತ್ತು. ಹೆಸರಾಂತ ವ್ಯಕ್ತಿಯ ಚಿತ್ರ ಮನೆಯವರಿಗೊಂದು, ಪ್ರಕಾಶಕನಿಗೊಂದು, ಗೆಳೆಯನಿಗೊಂದು ಬೇಕಾಗುತ್ತಿತ್ತು. ಕಲಾವಿದನೇ ಅವುಗಳನ್ನು ಬರೆದುಕೊಡುತ್ತಿದ್ದ, ಪ್ರತಿಯೊಂದಕ್ಕೂ ಹಣ ಪಡೆಯುತ್ತಿದ್ದ, ಯಾರೂ ಅದನ್ನು ಮೋಸವೆಂದು ಎಣಿಸುತ್ತಿರಲಿಲ್ಲ. ಕಡುಬಣ್ಣದ ನಿಲುವಂಗಿ ಹೊದ್ದು, ಕೊರಳಪಟ್ಟಿ ಬಿಚ್ಚಿಕೊಂಡಿರುವ ಬೈರನ್‌ನ ಇನ್ನೊಂದು ಚಿತ್ರವನ್ನೂ ನೀವು ನೋಡಿರಬಹುದು. ಅದೂ ಫಿಲಿಪ್ಸನದೇ, ಅದಕ್ಕೂ ಒಂದಕ್ಕಿಂತ ಹೆಚ್ಚು ಪ್ರತಿಗಳಿವೆ. ಒಂದು ಕವಿಯ ಪೂರ್ವಜರ ಮನೆಯಾದ ನ್ಯೂಸ್ಟೆಡ್ ಅಬ್ಬಿಯಲ್ಲಿದೆ, ಇನ್ನೊಂದು ಪ್ರಕಾಶಕ ಜಾನ್ ಮರೆಯ ಮನೆತನದ ಪಾಲಿಗೆ ಹೋಯಿತು.

ಪೇಟದ ಎರಡು ಚಿತ್ರಗಳನ್ನು ಬೇರ್ಪಡಿಸಿ ಗುರುತಿಸುವುದು ಕಷ್ಟವಲ್ಲ, ಅಳತೆ ನೋಡಿದರೆ ಸಾಕು. ಅಂದಿನ ಇಂಗ್ಲೆಂಡಿನಲ್ಲಿ ಕ್ಯಾನ್ವಾಸುಗಳು ನಿಗದಿತ ಅಳತೆಗಳಲ್ಲಿ ಸಿದ್ಧವಾಗಿ ಸಿಗುತ್ತಿದ್ದವು, ಚಿತ್ರದ ಬೆಲೆಯೂ ಆ ಅಳತೆಗೆ ತಕ್ಕಂತೆ ಏರುತ್ತಿತ್ತು. 30 ಅಂಗುಲ ಎತ್ತರ, 25 ಅಂಗುಲ ಅಗಲದ್ದು ತಲೆ ಮತ್ತು ಎದೆಗೆ. 50ಕ್ಕೆ 40 ಅಂಗುಲದ್ದು ಸೊಂಟದ ಕೆಳಗಿನವರೆಗೆ, ಕೈಗಳೂ ಕಾಣುವಂತೆ. ಕೈ ಬರೆಯುವುದು ಶ್ರಮದ ಕೆಲಸ, ಆದ್ದರಿಂದ ಬೆಲೆ ಹೆಚ್ಚು. ಅಥೆನ್ಸಿನಲ್ಲಿರುವುದು ಈ ದೊಡ್ಡ ಅಳತೆಯದು, ಅದರಲ್ಲಿ ಬೈರನ್ ತೋಳಿನ ಮಡಿಲಿಗೆ ಕತ್ತಿಯೊಂದನ್ನು ಒರಗಿಸಿಕೊಂಡಿದ್ದಾನೆ. ಲಂಡನ್ನಿನದು ಚಿಕ್ಕ ಅಳತೆಯದು, ಮೊದಲ ಚಿತ್ರದ ಮೇಲ್ಭಾಗವಷ್ಟೇ. ಪಠ್ಯಪುಸ್ತಕ, ಅಂಚೆಚಿತ್ರ, ಅಂತರಜಾಲ ಎಲ್ಲೆಡೆ ನಮಗೆ ಸಿಗುವುದು ಹೆಚ್ಚಾಗಿ ಈ ಎರಡನೆಯದು. ಸಾರ್ವಜನಿಕ ಸಂಗ್ರಹಾಲಯದಲ್ಲಿದೆ, ಒಳ್ಳೆಯ ಛಾಯಾಚಿತ್ರ ಸುಲಭವಾಗಿ ದೊರೆಯುತ್ತದೆ. ರಾಯಭಾರಿಯ ಊಟದ ಅತಿಥಿಗಳಷ್ಟೇ ನೋಡಬಲ್ಲ ಚಿತ್ರಕ್ಕೆ ಆ ಭಾಗ್ಯ ಎಲ್ಲಿಂದ ಬರಬೇಕು?

ಕತ್ತಿ ಬಿಟ್ಟುಹೋದದ್ದು ಸಣ್ಣ ನಷ್ಟವೆಂದು ನನಗನಿಸುವುದಿಲ್ಲ. ಕತ್ತಿ ಇದ್ದಾಗ ಅದು ಯೋಧನ ಚಿತ್ರ. ಇಲ್ಲದಿದ್ದಾಗ ಚೆಂದದ ಉಡುಪು ತೊಟ್ಟ ಯುವಕನ ಚಿತ್ರ. ನಿಮ್ಮ ವಿದ್ಯಾರ್ಥಿಗಳಿಗೆ 'ಇವನೇಕೆ ಹೀಗೆ' ಎಂಬ ಗೊಂದಲ ಹುಟ್ಟಿದ್ದಕ್ಕೆ ಇದೂ ಒಂದು ಕಾರಣವಿರಬಹುದು.

ಇನ್ನು ಪೇಟದ ವಿಚಾರ. ಬೈರನ್ ಮತಾಂತರವಾಗಿರಲಿಲ್ಲ. ಅವನು ತೊಟ್ಟಿರುವುದು ಅಲ್ಬೇನಿಯಾದ ಸೀಮೆಯ ಉಡುಪು, ಧರ್ಮದ ಗುರುತಲ್ಲ. 1809ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಅವನು ಗೆಳೆಯ ಹಾಬ್‌ಹೌಸ್ ಜೊತೆಗೂಡಿ ಪ್ರವಾಸ ಹೊರಟ. ನೆಪೋಲಿಯನ್‌ನ ಯುದ್ಧಗಳಿಂದ ಯುರೋಪಿನ ಮಾಮೂಲು ದಾರಿಗಳು ಇಂಗ್ಲಿಷರಿಗೆ ಮುಚ್ಚಿದ್ದವು. ಪೋರ್ಚುಗಲ್, ಸ್ಪೇನ್, ಮಾಲ್ಟಾ ದಾಟಿ ಇಬ್ಬರೂ ಆಟೊಮನ್ ಸಾಮ್ರಾಜ್ಯದ ಅಂಚಿಗೆ, ಇಂದಿನ ವಾಯವ್ಯ ಗ್ರೀಸ್ ಮತ್ತು ದಕ್ಷಿಣ ಅಲ್ಬೇನಿಯಾಕ್ಕೆ ಬಂದರು. ಅಲ್ಲಿ ಹೆಸರಿಗೆ ಸುಲ್ತಾನನ ಅಧಿಕಾರಿಯಾಗಿದ್ದು, ನಿಜದಲ್ಲಿ ತಾನೇ ರಾಜನಂತೆ ಮೆರೆಯುತ್ತಿದ್ದ ಅಲಿ ಪಾಷಾ ತೆಪೆಲೆನಾದಲ್ಲಿ ಅವರನ್ನು ಬರಮಾಡಿಕೊಂಡ. ಕ್ರೌರ್ಯಕ್ಕೆ ಹೆಸರಾದ ಆ ಮುದುಕ ಬೈರನ್‌ನ ಸಣ್ಣ ಕಿವಿ, ಗುಂಗುರು ಕೂದಲು, ಪುಟ್ಟ ಬಿಳಿಯ ಕೈಗಳನ್ನು ನೋಡಿ, ಇವನು ದೊಡ್ಡ ಮನೆತನದವನೇ ಸರಿ ಎಂದನಂತೆ. ಆ ನವೆಂಬರಿನಲ್ಲಿ ತಾಯಿಗೆ ಬರೆದ ಉದ್ದನೆಯ ಕಾಗದದಲ್ಲಿ ಇದನ್ನು ಹಿಗ್ಗಿನಿಂದ ವರದಿ ಮಾಡಿದವನು ಬೈರನ್ನೇ. ಅದೇ ಕಾಗದದಲ್ಲಿ ಉಡುಪಿನ ಮಾತೂ ಬರುತ್ತದೆ. ಅಲ್ಲಿ ದುಬಾರಿಯಾದ ವಸ್ತುವೆಂದರೆ ಇದೊಂದೇ, ಒಂದೊಂದಕ್ಕೂ 50 ಗಿನಿ ಕೊಟ್ಟೆ, ಇದರಲ್ಲಿರುವ ಚಿನ್ನಕ್ಕೆ ಇಂಗ್ಲೆಂಡಿನಲ್ಲಾದರೆ 200 ಆಗುತ್ತಿತ್ತು ಎಂದು ಲೆಕ್ಕ ಒಪ್ಪಿಸುತ್ತಾನೆ. ಸಾಲದಲ್ಲಿ ಮುಳುಗಿದ್ದ ಮಗ ತಾಯಿಗೆ ಹೇಳುವ ಸಮಾಧಾನದ ಧಾಟಿ ಇದರಲ್ಲಿ ಕೇಳಿಸುತ್ತದೆ.

ತಲೆಯ ಮೇಲಿರುವುದು ಪೇಟದ ಹಾಗೆ ಕಂಡರೂ ಅದು ಸುತ್ತಿಕೊಂಡ ಶಾಲು. ಒಂದು ತುದಿ ಭುಜದ ಮೇಲೆ ಇಳಿದಿರುವುದನ್ನು ನಿಮ್ಮ ಪ್ರತಿಯಲ್ಲೂ ಕಾಣಬಹುದು. ಈ ಪ್ರವಾಸದಿಂದ ಹುಟ್ಟಿದ 'ಚೈಲ್ಡ್ ಹೆರಾಲ್ಡ್' ಕಾವ್ಯದ ಎರಡನೆಯ ಸರ್ಗದಲ್ಲಿ ಅಲ್ಬೇನಿಯನ್ನರನ್ನು ವರ್ಣಿಸುವ ಪದ್ಯವೊಂದಿದೆ. ಮೊಣಕಾಲಿನವರೆಗಿನ ಉಡುಗೆ, ಶಾಲು ಸುತ್ತಿದ ತಲೆ, ಅಲಂಕರಿಸಿದ ಬಂದೂಕು, ಚಿನ್ನದ ಕಸೂತಿಯ ಬಟ್ಟೆ ಎಂದು ಅದು ಒಂದೊಂದಾಗಿ ಎಣಿಸುತ್ತದೆ. ಆ ಸೀಮೆಯಲ್ಲಿ ಮುಸ್ಲಿಮರೂ ಇದ್ದರು, ಆರ್ಥೊಡಾಕ್ಸ್ ಕ್ರೈಸ್ತರೂ ಇದ್ದರು, ಯೋಧರ ವೇಷ ಇಬ್ಬರದೂ ಹೆಚ್ಚುಕಡಿಮೆ ಇದೇ ಆಗಿತ್ತು. ವಿದ್ಯಾರ್ಥಿಗಳಿಗೆ ಹೀಗೆ ಹೇಳಿ: ಕವಿ ತನ್ನ ಪದ್ಯದ ಪಾತ್ರವೊಂದರ ಬಟ್ಟೆ ತೊಟ್ಟು ಕುಳಿತಿದ್ದಾನೆ.

ಈ ಮಾತಿನಿಂದಲೇ ಚಿತ್ರದ ಒಳಗುಟ್ಟು ತಿಳಿಯುತ್ತದೆ. ಬೈರನ್ ಊರಿಗೆ ಮರಳಿದ್ದು 1811ರಲ್ಲಿ. 1812ರ ಮಾರ್ಚಿನಲ್ಲಿ 'ಚೈಲ್ಡ್ ಹೆರಾಲ್ಡ್'ನ ಮೊದಲೆರಡು ಸರ್ಗಗಳು ಹೊರಬಂದು, ಮೊದಲ ಮುದ್ರಣದ 500 ಪ್ರತಿಗಳು ಮೂರು ದಿನಗಳಲ್ಲಿ ಮುಗಿದವು. 1813ರಲ್ಲಿ ಪೂರ್ವದೇಶದ ಕಥೆ ಹೇಳುವ ಎರಡು ಕಾವ್ಯಗಳು ಬಂದವು. 1814ರ ಫೆಬ್ರವರಿಯಲ್ಲಿ ಬಂದ 'ದಿ ಕೋರ್ಸೇರ್' ಒಂದೇ ದಿನದಲ್ಲಿ 10,000 ಪ್ರತಿ ಮಾರಾಟವಾಯಿತು. ಫಿಲಿಪ್ಸನ ಮುಂದೆ ಕುಳಿತ ಅದೇ 1813ರ ಆಗಸ್ಟಿನಲ್ಲಿ ಬೈರನ್ ಗೆಳೆಯ ಕವಿ ಥಾಮಸ್ ಮೂರನಿಗೆ ಬರೆದ ಬುದ್ಧಿಮಾತು ಪ್ರಸಿದ್ಧ: ಪೂರ್ವವನ್ನೇ ಗಟ್ಟಿಯಾಗಿ ಹಿಡಿದುಕೋ, ಕಾವ್ಯಕ್ಕೆ ಈಗ ಇರುವ ಜಾಣ ದಾರಿ ಅದೊಂದೇ. ಓದುಗರಿಗೆ ಏನು ಬೇಕೆಂದು ಈ ಮನುಷ್ಯನಿಗೆ ಪ್ರಕಾಶಕನಿಗಿಂತ ಚೆನ್ನಾಗಿ ಗೊತ್ತಿತ್ತು. ಭಾವಚಿತ್ರವನ್ನು ಈ ಕಾಗದದ ಪಕ್ಕದಲ್ಲಿಟ್ಟು ನೋಡಿದರೆ ಅದು ಪ್ರವಾಸದ ನೆನಪಿಗಾಗಿ ಬರೆಸಿಕೊಂಡದ್ದೆಂದು ನಂಬುವುದು ನನಗಂತೂ ಕಷ್ಟ.

ಕವಿಯ ಭಾವಚಿತ್ರವೆಂದರೆ ಕೈಯಲ್ಲೊಂದು ಲೇಖನಿ, ಪಕ್ಕದಲ್ಲಿ ಹಾಳೆ, ಹಿಂದೆ ಪುಸ್ತಕದ ಕಪಾಟು ಎಂಬ ರೂಢಿ ಆಗಲೂ ಇತ್ತು. ಇಲ್ಲಿ ಅಂಥದ್ದೇನೂ ಇಲ್ಲ. ಹಿನ್ನೆಲೆಯಲ್ಲಿ ಮೋಡ ಕವಿದ ಕತ್ತಲು, ಮುಂದೆ ಮಖಮಲ್ಲು, ಚಿನ್ನ, ಕತ್ತಿ. ಬರೆದು ಹೊಟ್ಟೆ ಹೊರೆಯುವವನೆಂದು ಕಾಣಿಸಿಕೊಳ್ಳುವುದು ಶ್ರೀಮಂತ ಮನೆತನದ ಬೈರನ್‌ಗೆ ಸರಿಬರುತ್ತಿರಲಿಲ್ಲ. ತಾನು ಬದುಕಿದ್ದನ್ನು ಬರೆದವನು ಎಂದು ತೋರಿಸಿಕೊಳ್ಳಬೇಕಿತ್ತು.

1814ರ ಮೇ ತಿಂಗಳಲ್ಲಿ ಲಂಡನ್ನಿನ ಸಾಮರ್ಸೆಟ್ ಹೌಸಿನಲ್ಲಿ ನಡೆದ ರಾಯಲ್ ಅಕಾಡೆಮಿಯ ವಾರ್ಷಿಕ ಪ್ರದರ್ಶನಕ್ಕೆ ಫಿಲಿಪ್ಸ್ ಬೈರನ್‌ನ ಎರಡು ಚಿತ್ರಗಳನ್ನೂ ಕಳಿಸಿದ. ಪಟ್ಟಿಯಲ್ಲಿ ಒಂದರ ಹೆಸರು 'ಶ್ರೀಮಂತರೊಬ್ಬರ ಭಾವಚಿತ್ರ', ಇನ್ನೊಂದರದು 'ಅಲ್ಬೇನಿಯನ್ ಉಡುಪಿನಲ್ಲಿ ಶ್ರೀಮಂತರೊಬ್ಬರ ಭಾವಚಿತ್ರ'. ಬೈರನ್ ಎಂಬ ಹೆಸರು ಎಲ್ಲೂ ಇರಲಿಲ್ಲ. ಇರಬೇಕಾದ ಅಗತ್ಯವೂ ಇರಲಿಲ್ಲ, 'ಕೋರ್ಸೇರ್' ಬಂದು ಮೂರು ತಿಂಗಳಾಗಿತ್ತಷ್ಟೇ.

ಫಿಲಿಪ್ಸ್ ಬಗ್ಗೆ ಎರಡು ಮಾತು. 1770ರಲ್ಲಿ ಇಂಗ್ಲೆಂಡಿನ ಡಡ್ಲಿಯಲ್ಲಿ ಹುಟ್ಟಿದವನು. ಮೊದಲು ಬರ್ಮಿಂಗ್‌ಹ್ಯಾಮಿನಲ್ಲಿ ಗಾಜಿನ ಮೇಲೆ ಚಿತ್ರ ಬರೆಯುವುದನ್ನು ಕಲಿತ. 1807ರಲ್ಲಿ ವಿಲಿಯಂ ಬ್ಲೇಕ್‌ನನ್ನು ಬರೆದವನೂ ಇವನೇ. ಆ ಚಿತ್ರದಲ್ಲಿ ಬ್ಲೇಕ್ ಎಲ್ಲೋ ಮೇಲೆ ನೋಡುತ್ತಾ ಕೈಯಲ್ಲಿ ಪೆನ್ಸಿಲ್ ಹಿಡಿದು ಕುಳಿತಿದ್ದಾನೆ. ಕೋಲ್‌ರಿಜ್, ಸ್ಕಾಟ್, ಸದೆ, ಕ್ರ್ಯಾಬ್ ಎಲ್ಲರೂ ಇವನ ಮುಂದೆ ಕುಳಿತರು. ಮಹಾನ್ ಕಲಾವಿದನೆಂದು ಇವನನ್ನು ಯಾರೂ ಕರೆಯುವುದಿಲ್ಲ, ನಾನೂ ಕರೆಯಲಾರೆ. ಆದರೆ ಒಂದಿಡೀ ಪೀಳಿಗೆಯ ಇಂಗ್ಲಿಷ್ ಕವಿಗಳ ಮುಖ ನಮಗೆ ಸಿಕ್ಕಿದ್ದು ಬಹುಮಟ್ಟಿಗೆ ಇವನಿಂದ. ಮುಖ ಹೋಲಬೇಕು, ಬಟ್ಟೆ ಹೊಳೆಯಬೇಕು ಎಂಬ ಕಸುಬಿನ ನಿಷ್ಠೆ ಅವನದು.

ಬಟ್ಟೆಯೇನೋ ನಿಜಕ್ಕೂ ಹೊಳೆಯುತ್ತದೆ. ಇಲ್ಲೊಂದು ಸ್ವಾರಸ್ಯವಿದೆ. ಪ್ರದರ್ಶನ ನಡೆದ ಅದೇ ಮೇ ತಿಂಗಳಲ್ಲಿ ಬೈರನ್ ಈ ಉಡುಪನ್ನು ಮರ್ಸರ್ ಎಲ್ಫಿನ್‌ಸ್ಟನ್ ಎಂಬ ತರುಣಿಗೆ ವೇಷದ ಕೂಟವೊಂದಕ್ಕೆಂದು ಕೊಟ್ಟುಬಿಟ್ಟ. ಜೊತೆಗೆ ಬರೆದ ಚೀಟಿಯಲ್ಲಿ, ಇದನ್ನು ನಾನು ತೊಟ್ಟದ್ದೇ ಕಡಿಮೆ, ಇಂಗ್ಲೆಂಡಿನಲ್ಲಂತೂ ಫಿಲಿಪ್ಸನಿಗಾಗಿ ಅರ್ಧ ಗಂಟೆ ತೊಟ್ಟದ್ದು ಬಿಟ್ಟರೆ ಇಲ್ಲವೇ ಇಲ್ಲ ಎಂದಿದ್ದಾನೆ. ಅರ್ಧ ಗಂಟೆಯಲ್ಲಿ ಇಷ್ಟು ಜರಿ ಕೆಲಸವನ್ನು ಎಣ್ಣೆಬಣ್ಣದಲ್ಲಿ ಬರೆಯುವುದು ಯಾರಿಂದಲೂ ಆಗದು. ಒದ್ದೆ ಬಣ್ಣ ಒಣಗಲೇ ದಿನಗಳು ಬೇಕು, ಮಖಮಲ್ಲಿನ ಆಳ ಬರಬೇಕಾದರೆ ಅದರ ಮೇಲೆ ತೆಳುವಾದ ಪಾರದರ್ಶಕ ಪದರಗಳನ್ನು ಒಂದೊಂದಾಗಿ ಎಳೆಯಬೇಕು. ಅಂದಿನ ಪದ್ಧತಿಯಂತೆ ಮುಖಕ್ಕೆ ಮಾತ್ರ ಗಿರಾಕಿ ಕುಳಿತುಕೊಳ್ಳುತ್ತಿದ್ದ. ಬಟ್ಟೆಯನ್ನು ಮರದ ಗೊಂಬೆಗೋ ಶಿಷ್ಯನಿಗೋ ತೊಡಿಸಿ ಕಲಾವಿದ ಬಿಡುವಾದಾಗ ಬರೆಯುತ್ತಿದ್ದ. ಇಲ್ಲೂ ಹಾಗೆಯೇ ಆಗಿರಬೇಕೆಂಬುದು ನನ್ನ ಊಹೆ. ಬೈರನ್‌ನ ಅರ್ಧ ಗಂಟೆಯ ಮಾತಿನಲ್ಲಿ ಶ್ರೀಮಂತರ ಉಡಾಫೆಯೂ ಸ್ವಲ್ಪ ಇದೆ. ಏನೇ ಇರಲಿ, ಚಿತ್ರದಲ್ಲಿ ಅತ್ಯುತ್ತಮವಾಗಿ ಮೂಡಿರುವುದು ಬೈರನ್ ಇಲ್ಲದಾಗ ಬರೆದ ಭಾಗ.

ಆ ಉಡುಪು ಇಂದಿಗೂ ಉಳಿದಿದೆ. ಮರ್ಸರಳ ಮಗಳು ಮದುವೆಯಾಗಿ ಹೋದ ಲ್ಯಾನ್ಸ್‌ಡೌನ್ ಮನೆತನದ ಬೋವುಡ್ ಹೌಸಿನಲ್ಲಿ ಅದು ಶತಮಾನಕ್ಕೂ ಹೆಚ್ಚು ಕಾಲ ಮರೆತುಹೋಗಿ ಬಿದ್ದಿತ್ತು. ವಸ್ತ್ರಗಳ ಇತಿಹಾಸ ಬಲ್ಲ ಡೋರಿಸ್ ಲ್ಯಾಂಗ್ಲಿ ಮೂರ್ 1960ರ ದಶಕದಲ್ಲಿ ಅದನ್ನು ಗುರುತಿಸಿದರು.

ಈಗ ಮುಖಕ್ಕೆ ಬರೋಣ. ಹೀಗೆಯೇ ಇದ್ದನೇ ಎಂದರೆ, ಇದ್ದ, ಆದರೆ ತಾನು ಒಪ್ಪಿಕೊಂಡ ಮಟ್ಟಿಗೆ. ಮೀಸೆಯನ್ನೇ ನೋಡಿ. ಅದೇ ಹೊತ್ತಿನಲ್ಲಿ ಅದೇ ಕಲಾವಿದ ಬರೆದ ನಿಲುವಂಗಿಯ ಚಿತ್ರದಲ್ಲಿ ಮೀಸೆಯಿಲ್ಲ. ಅದೇ ವರ್ಷ ರಿಚರ್ಡ್ ವೆಸ್ಟಾಲ್ ಪಕ್ಕದಿಂದ ಬರೆದ ಚಿತ್ರದಲ್ಲೂ ಇಲ್ಲ. ಕತ್ತಿಯ ಹಾಗೆ ಮೀಸೆಯೂ ವೇಷದ ಭಾಗವೆಂದು ಓದುವುದೇ ಸರಿ. ಮೈಕಟ್ಟಿನ ಬಗೆಗೂ ಎಚ್ಚರ ಬೇಕು. ಬೈರನ್ ಸುಲಭವಾಗಿ ದಪ್ಪಗಾಗುವ ಮೈಯವನು. ಲಂಡನ್ನಿನ ಸೇಂಟ್ ಜೇಮ್ಸ್ ಬೀದಿಯ ದ್ರಾಕ್ಷಾರಸದ ಅಂಗಡಿಯೊಂದರಲ್ಲಿ ಗಿರಾಕಿಗಳ ತೂಕ ಬರೆದಿಡುವ ಪುಸ್ತಕವಿತ್ತು. ಅದರ ಪ್ರಕಾರ ಹದಿನೇಳು ವರ್ಷದ ಬೈರನ್ 1806ರ ಆರಂಭದಲ್ಲಿ ಸುಮಾರು 88 ಕಿಲೋ ತೂಗುತ್ತಿದ್ದ. 1811ರ ಹೊತ್ತಿಗೆ 62ರ ಆಸುಪಾಸಿಗೆ ಇಳಿದಿದ್ದ. ಹಸಿದು, ವಿನೆಗರ್ ಕುಡಿದು, ಮೈ ಬೆವರಿಸಿ ಗಳಿಸಿದ ಮುಖ ಅದು. ಹುಟ್ಟಿನಿಂದಲೇ ಬಲಗಾಲಿನ ಪಾದ ಊನವಾಗಿತ್ತು, ನಡೆಯುವಾಗ ಕುಂಟುತ್ತಿದ್ದ. ಸೊಂಟದ ಬಳಿಯೇ ಮುಗಿಯುವ ಚಿತ್ರದಲ್ಲಿ ಅದರ ಸುಳಿವಿಲ್ಲ.

ಅವನು ನಮ್ಮನ್ನು ನೋಡುತ್ತಿಲ್ಲ ಎಂಬುದನ್ನೂ ಗಮನಿಸಿ. ಕತ್ತು ತಿರುವಿ ದೂರದಲ್ಲಿ ಏನನ್ನೋ ದಿಟ್ಟಿಸುತ್ತಿದ್ದಾನೆ. ನಮಗೆ ಅವನನ್ನು ಎಷ್ಟು ಹೊತ್ತಾದರೂ ನೋಡುವ ಸ್ವಾತಂತ್ರ್ಯವಿದೆ, ಅವನಿಗೆ ನಮ್ಮ ಗೊಡವೆಯಿಲ್ಲ. ಮುಂದೆ ಸಿನಿಮಾ ನಟರು ಪೋಸ್ಟರುಗಳಲ್ಲಿ ರೂಢಿ ಮಾಡಿಕೊಂಡ ಭಂಗಿ ಇದು. ಬೈರನ್ ಇದನ್ನು ಬೇಕೆಂದೇ ಧರಿಸುತ್ತಿದ್ದ ಎನ್ನಲು ಇನ್ನೊಂದು ಕಥೆಯಿದೆ. 1817ರಲ್ಲಿ ರೋಮಿನಲ್ಲಿ ಡೆನ್ಮಾರ್ಕಿನ ಶಿಲ್ಪಿ ಥೋರ್ವಾಲ್ಡ್‌ಸೆನ್ ಅವನ ಎದೆಮಟ್ಟದ ಶಿಲ್ಪ ಮಾಡಲು ಕುಳಿತಾಗ ಬೈರನ್ ಮುಖವನ್ನು ಬೇರೆಯಾಗಿ ಮಾಡಿಕೊಂಡನಂತೆ. ಸಹಜವಾಗಿರಿ ಎಂದರೆ, ನನ್ನ ಮುಖಭಾವವೇ ಇದು ಎಂದನಂತೆ. ಕೊನೆಗೆ ಶಿಲ್ಪವನ್ನು ನೋಡಿ, ಇದು ನನ್ನ ಹಾಗಿಲ್ಲ, ನಾನು ಇದಕ್ಕಿಂತ ದುಃಖಿ ಎಂದು ಆಕ್ಷೇಪಿಸಿದನಂತೆ. ಶಿಲ್ಪಿಯ ಕಡೆಯಿಂದ ಬಂದ ಕಥೆ, ಸ್ವಲ್ಪ ಮಸಾಲೆ ಸೇರಿರಬಹುದು. ಆದರೂ ಫಿಲಿಪ್ಸನ ಚಿತ್ರದ ಮುಂದೆ ಇದನ್ನು ನಂಬದಿರುವುದು ಕಷ್ಟ.

ಯಾವ ಚಿತ್ರ ಹೆಚ್ಚು ನಿಜ ಎಂದು ಕೇಳಿದರೆ ನನ್ನ ಮತ ನಿಲುವಂಗಿಯದಕ್ಕೆ. ಅದರಲ್ಲೂ ಭಂಗಿಯಿದೆ, ಆದರೆ ಮುಖಕ್ಕೆ ಅಡ್ಡ ಬರುವ ಚಿನ್ನವಿಲ್ಲ.

ನೀವು ಕೇಳದಿದ್ದರೂ ಮೂಲಚಿತ್ರ ಅಥೆನ್ಸಿಗೆ ಹೋಗಿ ಸೇರಿದ ದಾರಿಯನ್ನು ಹೇಳಬೇಕು, ಏಕೆಂದರೆ ಈ ಚಿತ್ರದ ಅತಿ ದುಃಖದ ಭಾಗ ಅಲ್ಲಿದೆ. 1815ರ ಜನವರಿಯಲ್ಲಿ ಬೈರನ್ ಆನಬೆಲ್ಲಾ ಮಿಲ್‌ಬ್ಯಾಂಕಳನ್ನು ಮದುವೆಯಾದ. ಚಿತ್ರವನ್ನು ಕೊಂಡವಳು ಅವನ ಅತ್ತೆ, ಲೇಡಿ ನೋಯಲ್. ಅಳಿಯನ ಬಗ್ಗೆ ಆಗಿನ್ನೂ ಅಭಿಮಾನವಿತ್ತು. ಡಿಸೆಂಬರಿನಲ್ಲಿ ಮಗಳು ಏಡಾ ಹುಟ್ಟಿದಳು. ಐದು ವಾರಗಳಲ್ಲಿ ಆನಬೆಲ್ಲಾ ಕೂಸನ್ನೆತ್ತಿಕೊಂಡು ತವರಿಗೆ ಹೋದಳು, ಮತ್ತೆ ಗಂಡನ ಮನೆಗೆ ಮರಳಲಿಲ್ಲ. 1816ರ ಏಪ್ರಿಲಿನಲ್ಲಿ ಬೈರನ್ ಅಪವಾದಗಳ ನಡುವೆ ಇಂಗ್ಲೆಂಡ್ ಬಿಟ್ಟ, ಅವನೂ ಮರಳಲಿಲ್ಲ. ಚಿತ್ರ ಲೆಸ್ಟರ್‌ಶೈರಿನ ಕರ್ಕ್‌ಬಿ ಮ್ಯಾಲರಿಯ ಅಜ್ಜಿಯ ಮನೆಯಲ್ಲಿ ಉಳಿಯಿತು, ಅದಕ್ಕೆ ಪರದೆ ಬಿತ್ತು. ಮೊಮ್ಮಗಳು ವಯಸ್ಕಳಾಗುವ ತನಕ ಅದನ್ನು ಅವಳಿಗೆ ತೋರಿಸಕೂಡದೆಂದು ಅಜ್ಜಿ ತನ್ನ ಉಯಿಲಿನಲ್ಲೂ ಬರೆಸಿದಳು.

ಅತ್ತ ಬೈರನ್ 1816ರಲ್ಲೇ 'ಚೈಲ್ಡ್ ಹೆರಾಲ್ಡ್'ನ ಮೂರನೆಯ ಸರ್ಗವನ್ನು ಪ್ರಕಟಿಸಿದ. ಅದರ ಮೊದಲ ಸಾಲೇ ಮಗಳಿಗೆ ಹಾಕಿದ ಪ್ರಶ್ನೆ: ನಿನ್ನ ಮುಖ ನಿನ್ನ ತಾಯಿಯ ಹಾಗಿದೆಯೇ, ಚೆಲುವೆ ಕಂದಾ? ಇಂಗ್ಲಿಷ್ ಬಲ್ಲ ಯುರೋಪೆಲ್ಲ ಆ ಸಾಲನ್ನು ಓದಿತು. ಯಾರಿಗೆ ಬರೆದನೋ ಆ ಹುಡುಗಿಗೆ ಮಾತ್ರ ಕೇಳಿದವನ ಮುಖ ಹೇಗಿದೆಯೆಂದು ನೋಡಲು ಬಿಡಲಿಲ್ಲ. 1824ರ ಏಪ್ರಿಲ್ 19ರಂದು ಬೈರನ್ ಗ್ರೀಸಿನ ಮೆಸೊಲೊಂಗಿಯಲ್ಲಿ ಜ್ವರದಿಂದ ತೀರಿಕೊಂಡಾಗ ಏಡಾಗೆ ಎಂಟು ವರ್ಷ. ಚಿತ್ರ ಅವಳ ಕೈಸೇರಿದ್ದು 1835ರಲ್ಲಿ ಮದುವೆಯಾದ ಮೇಲೆ. ಮುಂದೆ ಏಡಾ ಲವ್‌ಲೇಸ್ ಎಂದು, ಚಾರ್ಲ್ಸ್ ಬ್ಯಾಬೇಜ್‌ನ ಗಣಕಯಂತ್ರದ ಕುರಿತ ಟಿಪ್ಪಣಿಗಳಿಂದ ಹೆಸರಾದವಳು ಅವಳೇ, ನಿಮ್ಮ ಕಾಲೇಜಿನ ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳಿಗೆ ಅಪ್ಪನಿಗಿಂತ ಮಗಳೇ ಹೆಚ್ಚು ಪರಿಚಿತಳಿರಬಹುದು. ಮರುವರ್ಷ ಮಾರ್ಗರೆಟ್ ಕಾರ್ಪೆಂಟರ್ ಅವಳ ಭಾವಚಿತ್ರ ಬರೆದಾಗ, ಈ ಕಲಾವಿದೆ ನನ್ನ ಅಗಲ ದವಡೆಯನ್ನು ಪೂರ್ತಿ ಪ್ರದರ್ಶನಕ್ಕಿಡಲು ಹೊರಟಂತಿದೆ, ಅದರ ಮೇಲೆ 'ಗಣಿತ' ಎಂದು ಬರೆಯಬಹುದು ಎಂದು ನಗೆಯಾಡಿದ್ದಾಳೆ. ಕುಳಿತು ಬರೆಸಿಕೊಂಡ ಚಿತ್ರದ ಬಗ್ಗೆ ಹೀಗೆ ನಗುವುದು ಅಪ್ಪನಿಂದ ಆಗುತ್ತಿರಲಿಲ್ಲ.

ಫಿಲಿಪ್ಸ್ ಎರಡನೆಯ ಪ್ರತಿಯನ್ನು ಬರೆದದ್ದೂ ಸರಿಸುಮಾರು ಈ ಹೊತ್ತಿಗೇ. ಮೂಲವನ್ನು ಬ್ರಿಟಿಷ್ ಸರ್ಕಾರ 1952ರಲ್ಲಿ ಪಡೆಯಿತು. ಅದಕ್ಕೆ ಅಥೆನ್ಸನ್ನು ಆರಿಸಿದ್ದು ಏಕೆಂದು ವಿವರಿಸಬೇಕಾಗಿಲ್ಲ. ಗ್ರೀಕರ ಸ್ವಾತಂತ್ರ್ಯ ಸಮರಕ್ಕೆ ಬೈರನ್ ತನ್ನ ಸ್ವಂತ ಹಣದಿಂದ 4,000 ಪೌಂಡ್ ಕೊಟ್ಟವನು, ಅವರ ನೆಲದಲ್ಲಿ ಪ್ರಾಣ ಬಿಟ್ಟವನು. ಅಂದು ಹಣಕೊಟ್ಟು ಜೊತೆಗಿರಿಸಿಕೊಂಡಿದ್ದ ಸೂಲಿಯೋಟ್ ಪಡೆಯವರು, ಅಂದರೆ ವಾಯವ್ಯ ಗ್ರೀಸಿನ ಸೂಲಿ ಬೆಟ್ಟಸೀಮೆಯ ಯೋಧರು, ತೊಡುತ್ತಿದ್ದದ್ದೂ ಈ ಚಿತ್ರದ ಬಟ್ಟೆಯ ಜಾತಿಗೇ ಸೇರಿದ್ದು. ಆ ಪಡೆ ಸಂಬಳಕ್ಕಾಗಿ ಜಗಳ ತೆಗೆದು ಅವನಿಗೆ ಕೊಟ್ಟ ಕಾಟ ಅಷ್ಟಿಷ್ಟಲ್ಲ. 1813ರ ಚಿತ್ರದಲ್ಲಿ ಕಾಣುವ ಯೋಧನ ಠೀವಿಗೂ 1824ರ ಕೆಸರು, ಮಳೆ, ಸಂಬಳದ ಲೆಕ್ಕಕ್ಕೂ ಬಹಳ ದೂರ.

ಅಡಿಬರಹವನ್ನು ಹೀಗೆ ತಿದ್ದಿಸಿ: 'ಲಾರ್ಡ್ ಬೈರನ್ (1788–1824), ಅಲ್ಬೇನಿಯನ್ ಉಡುಪಿನಲ್ಲಿ. ಥಾಮಸ್ ಫಿಲಿಪ್ಸ್, ಸುಮಾರು 1835. 1813ರ ತನ್ನದೇ ಚಿತ್ರವನ್ನು ಆಧರಿಸಿದ್ದು. ಕ್ಯಾನ್ವಾಸಿನ ಮೇಲೆ ತೈಲವರ್ಣ. ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ, ಲಂಡನ್.' ಅದಕ್ಕೆ ಮೊದಲು ನಿಮ್ಮಲ್ಲಿರುವುದು ಯಾವ ಪ್ರತಿಯೆಂದು ಖಚಿತಪಡಿಸಿಕೊಳ್ಳಿ. ಕೈ ಮತ್ತು ಕತ್ತಿ ಕಾಣುತ್ತಿದ್ದರೆ ಅದು ಅಥೆನ್ಸಿನದು, ಆಗ '1813, ಬ್ರಿಟಿಷ್ ಸರ್ಕಾರದ ಕಲಾಸಂಗ್ರಹ' ಎಂದು ಬರೆಸಬೇಕು. ಅಂತರಜಾಲದ ಪ್ರತಿಗಳಲ್ಲಿ ಕೆಂಪು ಒಂದೆಡೆ ರಕ್ತದಂತೆ, ಇನ್ನೊಂದೆಡೆ ಕಾಫಿ ಪುಡಿಯ ಕಂದಿನಲ್ಲಿ ಕಾಣುತ್ತದೆ. ಹಳೆಯ ವಾರ್ನಿಷ್ ಹಳದಿಗಟ್ಟುವುದು, ಛಾಯಾಚಿತ್ರ ತೆಗೆದ ಬೆಳಕು, ಯಾರೋ ಕಂಪ್ಯೂಟರಿನಲ್ಲಿ ಬಣ್ಣ ಏರಿಸಿದ್ದು, ಎಲ್ಲವೂ ಕಾರಣ. ಸಂಗ್ರಹಾಲಯದ ಅಧಿಕೃತ ಪ್ರತಿಯಿಂದಲೇ ಮುದ್ರಿಸಿಕೊಳ್ಳಿ. ಗೋಡೆಯಲ್ಲಿ ಇನ್ನೊಂದು ಚೌಕಟ್ಟಿಗೆ ಜಾಗವಿದ್ದರೆ ಪಕ್ಕದಲ್ಲಿ ನಿಲುವಂಗಿಯ ಚಿತ್ರವನ್ನೂ ಹಾಕಿ, ಮೀಸೆಯ ಬಗ್ಗೆ ವಿದ್ಯಾರ್ಥಿಗಳೇ ವಾದಿಸಿಕೊಳ್ಳಲಿ.